ಬ್ಯಾಗ್ ಕಾಯುವ ಹುಡುಗಿ

ಐದನೇ ಕ್ಲಾಸಿನ ಓಟದ ಪಂದ್ಯದಲ್ಲಿ ನಾನು ಕೊನೆಯವಳಾಗಿ ಬಂದೆ. ಪಿಟಿ ಮೇಷ್ಟ್ರು "ನೀನು ಬ್ಯಾಗ್ ನೋಡ್ಕೋ ಹೋಗಮ್ಮಾ" ಅಂದರು. ಗದರಲಿಲ್ಲ, ಸುಮ್ನೆ ಹೇಳಿದರು ಅಷ್ಟೇ. ಆಮೇಲೆ ಹತ್ತನೇ ಕ್ಲಾಸಿನವರೆಗೂ ಆಟದ ಪೀರಿಯಡ್ ಬಂದರೆ ನಾನಾಗೇ ಹೋಗಿ ಮರದ ಕೆಳಗೆ ಬ್ಯಾಗುಗಳ ಪಕ್ಕ ಕೂತುಬಿಡುತ್ತಿದ್ದೆ. ಆಟ ಅಂದರೆ ನನಗಿಷ್ಟ ಇಲ್ಲ ಅಂತ ನಾನೂ ನಂಬಿಬಿಟ್ಟಿದ್ದೆ.

ಇದು ನಡೆದದ್ದು ಕೊಡಗಲ್ಲಿ. ಹಾಕಿ ಆಟಗಾರರಾದ ಎಂ.ಪಿ. ಗಣೇಶ್, ಎಂ.ಎಂ. ಸೋಮಯ್ಯ, ಓಟಗಾರ್ತಿ ಅಶ್ವಿನಿ ನಾಚಪ್ಪ ಅಂತ ಹೆಸರು ಕೇಳುತ್ತಲೇ ಬೆಳೆಯುವ ಜಿಲ್ಲೆ. ಹೊರಗಿನವರು "ನಿಮ್ಮ ಕಡೆಯವರಿಗೆ ಆಟ ರಕ್ತದಲ್ಲೇ ಇದೆ" ಅನ್ನುತ್ತಾರೆ. ಆ ಮಾತು ನನಗೆ ಹಿಡಿಸುವುದಿಲ್ಲ. ರಕ್ತದಲ್ಲಿದ್ದರೆ ಬ್ಯಾಗ್ ಕಾಯೋರೇ ಇರಬಾರದಿತ್ತು ಅಲ್ವಾ?

ನನ್ನ ಯೋಚನೆ ಬದಲಾದದ್ದು ಕೊಡವ ಕುಟುಂಬಗಳ ಹಾಕಿ ಪಂದ್ಯಾವಳಿ ನೋಡಿದ ಮೇಲೆ. 1997ರಲ್ಲಿ ಕರಡ ಗ್ರಾಮದಲ್ಲಿ ಪಾಂಡಂಡ ಕುಟ್ಟಪ್ಪನವರು ಶುರು ಮಾಡಿದಾಗ ಬಂದದ್ದು 60 ಕುಟುಂಬ. 2024ರಲ್ಲಿ ನಾಪೋಕ್ಲುವಿನಲ್ಲಿ 360 ತಂಡ! ಒಂದೊಂದು ಒಕ್ಕಕ್ಕೆ, ಅಂದರೆ ಒಂದೊಂದು ಮನೆತನಕ್ಕೆ, ಒಂದೊಂದು ತಂಡ. ಅಷ್ಟು ತಂಡಗಳಲ್ಲಿ ಎಲ್ಲರೂ ಒಳ್ಳೆ ಆಟಗಾರರೇ ಇರಲು ಆಗುತ್ತದಾ? ತಂಡ ಇಳಿಸಬೇಕು ಅಂದರೆ ಅಕ್ಕ, ಮಾವ, ಹೊಟ್ಟೆ ಬಂದ ದೊಡ್ಡಪ್ಪ, ಎಲ್ಲರೂ ಬೇಕು.

ಒಂದು ಮೊದಲ ಸುತ್ತಿನ ಮ್ಯಾಚು ಇನ್ನೂ ಕಣ್ಣಲ್ಲಿದೆ. ಐವತ್ತು ದಾಟಿದ ಹೆಂಗಸೊಬ್ಬರು, ತಲೆಗೆ ಬಿಗಿಯಾಗಿ ವಸ್ತ್ರ ಕಟ್ಟಿಕೊಂಡು ಎಡಗಡೆ ನಿಂತಿದ್ದರು. ಚೆಂಡು ಬಂತು, ಸ್ಟಿಕ್ ಬೀಸಿದರು, ತಪ್ಪಿತು. ಮತ್ತೆ ಬಂತು, ಮತ್ತೆ ತಪ್ಪಿತು. ಮೂರನೇ ಸಲ ತಾಗಿ ನಾಲ್ಕಡಿ ಉರುಳಿತು, ಅಷ್ಟಕ್ಕೇ ಗ್ಯಾಲರಿಯಲ್ಲಿ ಗೋಲು ಬಿದ್ದಂತೆ ಚಪ್ಪಾಳೆ. ಅವರು ಸೊಂಟಕ್ಕೆ ಕೈಯಿಟ್ಟು ಏದುಸಿರು ಬಿಡುತ್ತಾ ನಗುತ್ತಿದ್ದರು. ಅವರ ಮೊಮ್ಮಗಳಿರಬೇಕು, ಗೆರೆಯಾಚೆ ಕುಣಿಯುತ್ತಿದ್ದಳು. ಆ ಮಗುವಿಗೆ ಇನ್ನು ಯಾರಾದರೂ "ಆಟ ನಿನಗಲ್ಲ" ಅಂದರೆ ಅವಳು ನಂಬುವುದು ಕಷ್ಟ, ಅವಳ ಅಜ್ಜಿಯೇ ಎಲ್ಲರೆದುರು ಆಡಿದ್ದಾರಲ್ಲ.

ಆದರೆ ನಾನು ಎಸ್ಟೇಟಿನ ಲೈನ್ ಮನೆಯಲ್ಲಿ, ಅಂದರೆ ಕೂಲಿಯವರ ಸಾಲುಮನೆಯಲ್ಲಿ, ಬೆಳೆದವಳು. ನಮಗೆ ಒಕ್ಕವೂ ಇಲ್ಲ, ಹೆಸರು ಹೊತ್ತ ತಂಡವೂ ಇಲ್ಲ. ಅಂಥ ಮಕ್ಕಳಿಗೆ ಶಾಲೆಯ ಮೈದಾನವೇ ಗತಿ. ಅಲ್ಲಿ ಗೆಲ್ಲುವವರನ್ನಷ್ಟೇ ಆರಿಸಿ ಮಿಕ್ಕವರನ್ನು ನೆರಳಿಗೆ ಕಳಿಸಿದರೆ ಅವರು ಮತ್ತೆ ಎಲ್ಲಿಗೆ ಹೋಗಬೇಕು? ಇದು ನನಗೆ ನಿಜಕ್ಕೂ ನೋವಿನ ವಿಷಯ.

ಈಗ ನನ್ನ ಮಗಳು ಆರನೇ ಕ್ಲಾಸು. ಹೋದ ತಿಂಗಳು ಖೋಖೋದಲ್ಲಿ ಔಟಾಗಿ ಅಳುತ್ತಾ ಬಂದಳು. ನಾನು ಏನೂ ಹೇಳದೆ ಸಂಜೆ ಅವಳ ಜೊತೆ ಅಂಗಳಕ್ಕಿಳಿದೆ. ಮೂವತ್ತು ವರ್ಷದ ಮೇಲೆ ಓಡಿದ್ದು. ಎರಡೇ ಸುತ್ತಿಗೆ ಏದುಸಿರು ಬಂದು ಕೂತುಬಿಟ್ಟೆ, ಮಗಳು ನನ್ನನ್ನು ಮುಟ್ಟಿ "ಖೋ!" ಅಂದಳು, ನಾನು ಮತ್ತೆ ಎದ್ದು ಓಡಿದೆ.