ಟುಲಿಪ್ ಅಲುಗಿದ ದಿನ

ಆ ದಿನ ಬೆಳಗ್ಗೆ ನನಗೆ ಬೇಕಿದ್ದದ್ದು ಒಂದು ಕೆಂಪು ಟುಲಿಪ್‌ನ ಚೊಕ್ಕ ಫೋಟೋ. ಮುಂದಿನ ದಳದ ಅಂಚಿನಿಂದ ಒಳಗಿನ ಕೇಸರಗಳವರೆಗೆ ಎಲ್ಲವೂ ಸ್ಪಷ್ಟವಾಗಿ ಕಾಣಬೇಕು, ಅಷ್ಟೇ.

ಹೂವನ್ನು ಹತ್ತಿರದಿಂದ ತೆಗೆಯುವವರಿಗೆ ಈ ಕಷ್ಟ ಗೊತ್ತು. ತೀರಾ ಹತ್ತಿರದ ವಸ್ತು ತೆಗೆಯುವ ಮ್ಯಾಕ್ರೋ ಲೆನ್ಸ್ ಹಿಡಿದು ಪೂರ್ತಿ ಹತ್ತಿರ ಹೋದರೆ, ಲೆನ್ಸಿನ ಕಿಂಡಿ ಅಗಲವಾಗಿ ತೆರೆದಿರುವ ಎಫ್ 2.8ರಲ್ಲಿ ಫೋಕಸ್ ಆಗುವ ಭಾಗ ಒಂದು ಮಿಲಿಮೀಟರ್ ಕೂಡ ಇರುವುದಿಲ್ಲ. ಕಿಂಡಿ ಕಿರಿದು ಮಾಡುತ್ತಾ ಎಫ್ 22ಕ್ಕೆ ಹೋದರೆ, ಬೆಳಕು ಆ ಕಿಂಡಿಯಲ್ಲಿ ಬಾಗಿ ಹರಡುವ ಡಿಫ್ರ್ಯಾಕ್ಷನ್‌ನಿಂದ ಇಡೀ ಚಿತ್ರವೇ ಮೆತ್ತಗಾಗುತ್ತದೆ. ಅದಕ್ಕೇ ಫೋಕಸ್ ಸ್ಟ್ಯಾಕಿಂಗ್ ಮಾಡಲು ಕೂತೆ, ಅಂದರೆ ಬೇರೆ ಬೇರೆ ಕಡೆ ಫೋಕಸ್ ಮಾಡಿದ ಫೋಟೋಗಳ ಚೂಪಾದ ಭಾಗಗಳನ್ನು ಸೇರಿಸಿ ಒಂದೇ ಚಿತ್ರ ಮಾಡುವುದು. ಹಿಂದೆ ಕಪ್ಪು ಬಟ್ಟೆ, ಒಂದು ಪಕ್ಕದಲ್ಲಿ ಕಿಟಕಿಯ ಬೆಳಕು, ಇನ್ನೊಂದು ಪಕ್ಕದಲ್ಲಿ ಹಳೆಯ ಹ್ಯಾಲೊಜೆನ್ ದೀಪ. ಫೋಕಸ್ ರಿಂಗನ್ನು ಕೂದಲೆಳೆಯಷ್ಟು ತಿರುಗಿಸುತ್ತಾ 40 ಫೋಟೋ ತೆಗೆದೆ. ಅರ್ಧ ಗಂಟೆ ಹಿಡಿಯಿತು.

ಎಲ್ಲವನ್ನೂ ಸೇರಿಸಿ ನೋಡಿದರೆ ದಳದ ಅಂಚುಗಳೆಲ್ಲ ಎರಡೆರಡು! ಟ್ರೈಪಾಡ್ ಅಲುಗಿರಬೇಕು ಅಂದುಕೊಂಡೆ. ಆದರೆ ಹೂದಾನಿಯ ಬಾಯಿ ಗೆರೆ ಎಳೆದ ಹಾಗೆ ಚೂಪಾಗಿತ್ತು. ಮೊದಲನೆಯ ಫೋಟೋ, 40ನೆಯ ಫೋಟೋ ಪಕ್ಕಪಕ್ಕ ಇಟ್ಟೆ. ಮೊದಲನೆಯದರಲ್ಲಿ ಒಂದಕ್ಕೊಂದು ಅಂಟಿಕೊಂಡಿದ್ದ ದಳಗಳ ನಡುವೆ ಕೊನೆಯದರಲ್ಲಿ ಕಡ್ಡಿ ತೂರುವಷ್ಟು ಸಂದು. ಅಲುಗಿದ್ದು ಹೂವೇ.

ದೀಪದ ಬಿಸಿ ಮಾಡಿದ ಕೆಲಸ ಅದು. ಬೆಚ್ಚಗಾದಾಗ ಟುಲಿಪ್ ದಳದ ಒಳಮೈ ಹೊರಮೈಗಿಂತ ಬೇಗ ಬೆಳೆಯುತ್ತದೆ, ಹೂ ಅರಳುತ್ತದೆ. ತಣ್ಣಗಾದರೆ ಹೊರಮೈ ಮುಂದಾಗುತ್ತದೆ, ಹೂ ಮುಚ್ಚುತ್ತದೆ. ಕೊಯ್ದ ಮೇಲೂ ಅದರ ದಂಟು ಬೆಳೆಯುತ್ತಲೇ ಇರುತ್ತದೆ, ಬೆಳಕಿನತ್ತ ಬಾಗುತ್ತದೆ. ಇದನ್ನೆಲ್ಲ ಓದಿದ್ದೆ. ಕಣ್ಣಾರೆ ಕಂಡದ್ದು ಅವತ್ತೇ.

ನನ್ನ ಮೇಜಿನ ಮೇಲಿನ ಗೋಡೆಯಲ್ಲಿ ಅಮೆರಿಕದ ಫೋಟೋಗ್ರಾಫರ್ ಇಮೊಜೆನ್ ಕನ್ನಿಂಗ್‌ಹ್ಯಾಮ್ 1925ರಲ್ಲಿ ತೆಗೆದ ಮ್ಯಾಗ್ನೋಲಿಯಾ ಹೂವಿನ ಪ್ರಿಂಟ್ ಇದೆ. ಮಕ್ಕಳು ಚಿಕ್ಕವರಿದ್ದಾಗ ಮನೆ ಬಿಟ್ಟು ಹೋಗಲಾಗದೆ ಆಕೆ ತನ್ನ ತೋಟದ ಗಿಡಗಳನ್ನೇ ತೆಗೆಯುತ್ತಿದ್ದ ಕಾಲದ್ದು. ಅದರ ಚೂಪು ನೋಡಿಯೇ ನಾನೂ ಚೂಪಿನ ಹಿಂದೆ ಬಿದ್ದಿದ್ದೆ. ಅವತ್ತು ತಲೆ ಎತ್ತಿ ಮತ್ತೆ ನೋಡಿದೆ. ಹೂವೊಂದೇ ಚೌಕಟ್ಟು ತುಂಬಿದೆ. ಬಿಳಿ ದಳಗಳು ಪಕ್ಕಕ್ಕೆ ಸರಿದು, ಕಣ್ಣನ್ನು ನೇರ ನಡುವಿಗೆ ಕರೆದುಕೊಂಡು ಹೋಗುತ್ತವೆ. ಏನನ್ನು ಬಿಡಬೇಕು, ಎಲ್ಲಿ ನಿಲ್ಲಬೇಕು ಅನ್ನುವುದು ಆಕೆಯ ತೀರ್ಮಾನ. ಚೂಪು ಆ ತೀರ್ಮಾನಕ್ಕೆ ಬೇಕಾಗಿತ್ತು. ನನ್ನ ಟುಲಿಪ್‌ಗೆ ಬೇಕಾಗಿತ್ತಾ?

ಮಧ್ಯಾಹ್ನ ಸ್ಟ್ಯಾಕಿಂಗ್ ಬಿಟ್ಟೆ. ಹೊಸ ಟುಲಿಪ್ ಒಂದನ್ನು ಇಟ್ಟು, ಕ್ಯಾಮೆರಾ ಕದಲಿಸದೆ 20 ನಿಮಿಷಕ್ಕೊಂದರಂತೆ 7 ಫೋಟೋ ತೆಗೆದೆ. ನಡುವೆ ಸುಮ್ನೆ ಕೂತು ನೋಡುವುದು. ಹೂವಿನ ಮೇಲೆ ನೀರು ಸಿಂಪಡಿಸಿ ಇಬ್ಬನಿ ಅನ್ನಿಸುವುದು ನನಗೆ ಯಾವತ್ತೂ ಇಷ್ಟವಿಲ್ಲ. ಅವತ್ತಂತೂ ಹೂವನ್ನು ಮುಟ್ಟಲೂ ಮನಸ್ಸಾಗಲಿಲ್ಲ.

ಏಳನ್ನೂ ಒಂದರ ಮೇಲೊಂದು ತೆಳುವಾಗಿ ಹರಡಿದೆ. ದಂಟಿನ ಬುಡ ಗಟ್ಟಿಯಾಗಿ ನಿಂತಿತ್ತು. ಮೇಲೆ ಹೋದಂತೆ ಗೆರೆಗಳು ಸಡಿಲವಾಗುತ್ತಾ, ದಳದ ತುದಿಯಲ್ಲಿ ಕೆಂಪು ಬರೀ ಉಸಿರಿನ ಹಾಗೆ ಉಳಿದಿತ್ತು. ಟುಲಿಪ್‌ಗೆ ಆರು ಕೇಸರ. ಈ ಚಿತ್ರದಲ್ಲಿ ಅವನ್ನು ಎಣಿಸಲು ಆಗುವುದಿಲ್ಲ. ಗಿಡಗಳ ಪುಸ್ತಕಕ್ಕೆ ಇದು ಆಗಿ ಬರುವುದಿಲ್ಲ. ಆದರೆ ಆ ಎರಡು ಗಂಟೆ ನಾನು ಕಂಡ ಹೂವು ಇದೇ. ಬೆಳಗಿನ 40 ಫೋಟೋಗಳಲ್ಲಿ ಒಂದರಲ್ಲೂ ಅದು ಇರಲಿಲ್ಲ.

ಸಂಜೆ ದೀಪ ಆರಿಸಿ ಕಿಟಕಿ ತೆರೆದೆ. ತಣ್ಣನೆ ಗಾಳಿ ಬಂತು. ಸ್ವಲ್ಪ ಹೊತ್ತಿಗೆ ಒಂದು ದಳ ಒಳಗೆ ಬಾಗತೊಡಗಿತು. ಟ್ರೈಪಾಡ್ ಇನ್ನೂ ಅಲ್ಲೇ ಇತ್ತು. ಕ್ಯಾಮೆರಾಗೆ ಬೇರೆ ಬ್ಯಾಟರಿ ಹಾಕಿದೆ.