ನುಡಿಸುವವರ ಉಸಿರು

30 ನವೆಂಬರ್ 2025, ಭಾನುವಾರ

ಅಮ್ಮ ಮೆಂತ್ಯದ ಸೊಪ್ಪು ಬಿಡಿಸುತ್ತಾ ಕುಳಿತಿದ್ದಳು. ನಾನು ಜಪಾನಿನ ಸಂಗೀತಗಾರ ರ್ಯೂಯಿಚಿ ಸಕಾಮೊಟೊ ಅವರ ‘12’ ಆಲ್ಬಮ್ ಹಾಕಿದ್ದೆ. ಸ್ವಲ್ಪ ಹೊತ್ತಿಗೆ ಅವಳ ಕೈ ನಿಂತಿತು.

“ಯಾರದು, ಹೀಗೆ ಉಸಿರೆಳೆಯುತ್ತಿರುವುದು?”

“ನುಡಿಸುವವರದೇ ಅಮ್ಮ.”

“ಹುಷಾರಿಲ್ಲವೇನೋ, ಪಾಪ.”

ಅವರ ಕಾಯಿಲೆಯ ಬಗ್ಗೆ ನಾನು ಒಂದು ಮಾತೂ ಆಡಿರಲಿಲ್ಲ. ನಲವತ್ತು ವರ್ಷ ಹಾಡಿದ ಕಿವಿ ಅದು, ಸ್ವರಕ್ಕಿಂತ ಮೊದಲು ಉಸಿರನ್ನು ಹಿಡಿಯಿತು.

ಆಮೇಲೆ ಹೇಳಿದೆ. 2014ರಲ್ಲಿ ಗಂಟಲಿನ ಕ್ಯಾನ್ಸರ್, ಅದನ್ನು ದಾಟಿದ ಮೇಲೆ ಗುದನಾಳದ್ದು. 2021ರಲ್ಲಿ ದೊಡ್ಡ ಶಸ್ತ್ರಚಿಕಿತ್ಸೆ ಮುಗಿಸಿ ಮನೆಗೆ ಬಂದವರು, ಏನನ್ನಾದರೂ ರಚಿಸಬೇಕೆಂದಲ್ಲ, ನಾದದಲ್ಲಿ ಮೀಯಬೇಕೆನಿಸಿ ಸಿಂಥಸೈಜರ್ ಮುಟ್ಟಿದರು. ಹಾಗೆ ಆಗಾಗ ನುಡಿಸಿದ್ದರಲ್ಲಿ ಹನ್ನೆರಡನ್ನು ಆರಿಸಿ, 2023ರ ಜನವರಿ 17ರಂದು, ತಮ್ಮ 71ನೇ ಹುಟ್ಟುಹಬ್ಬಕ್ಕೆ ಹೊರತಂದರು. ಮಾರ್ಚ್ 28ಕ್ಕೆ ಹೋಗಿಬಿಟ್ಟರು. ನುಡಿಸಿದ ತಾರೀಖೇ ಒಂದೊಂದಕ್ಕೂ ಹೆಸರು. ನಾನು ದಿನಚರಿಗೆ ಪುಟಗಟ್ಟಲೆ ಬರೆಯುತ್ತೇನೆ, ಅವರು ನಾಲ್ಕು ಸ್ವರ ಇಟ್ಟು ತಾರೀಖು ಹಾಕಿದ್ದಾರೆ.

“ಒಂದು ಸ್ವರ ಒತ್ತಿ ಸುಮ್ಮನಾಗಿಬಿಡುತ್ತಾರಲ್ಲ,” ಎಂದಳು ಅಮ್ಮ. “ಹಿಂದೆ ತಂಬೂರಿಯೂ ಇಲ್ಲ. ಭಯವಾಗುವುದಿಲ್ಲವೇ?”

ಪಿಯಾನೊದ ಸ್ವರ ಹುಟ್ಟಿದ ಕ್ಷಣದಿಂದಲೇ ಆರತೊಡಗುತ್ತದೆ. ಆರದ ನಾದ ಬೇಕೆಂಬ ಹಂಬಲ ಅವರಿಗೂ ಇತ್ತು. ಆದರೂ ಅವಸರದಿಂದ ಮುಂದಿನ ಸ್ವರ ತಂದು ಆ ಜಾಗ ತುಂಬುವುದಿಲ್ಲ. ಪೂರ್ತಿ ಆರುವವರೆಗೆ ಕಾಯುತ್ತಾರೆ. ನನಗೆ ಅವರ ಕಲೆಯೆಲ್ಲ ಆ ಕಾಯುವಿಕೆಯಲ್ಲೇ ಇದೆ ಅನ್ನಿಸುತ್ತದೆ.

2011ರ ಸುನಾಮಿಯಲ್ಲಿ ಮುಳುಗೆದ್ದ ಪಿಯಾನೊ ಒಂದು ಜಪಾನಿನ ಮಿಯಾಗಿ ಪ್ರಾಂತ್ಯದ ಕೃಷಿ ಪ್ರೌಢಶಾಲೆಯಲ್ಲಿತ್ತು. ಅದನ್ನೂ ಅವರು ನುಡಿಸಿ ನೋಡಿದ್ದರು. ಶ್ರುತಿ ಕೆಟ್ಟಿದೆ ಎನ್ನುವುದು ಮನುಷ್ಯರ ಮಾತು. ಮರವನ್ನು ಬಗ್ಗಿಸಿ, ತಂತಿಯನ್ನು ಬಿಗಿದು ಕಟ್ಟಿದವರು ನಾವು, ನೀರು ಅದನ್ನು ಅದರ ಸಹಜ ಸ್ಥಿತಿಗೆ ಮರಳಿಸಿದೆ ಎಂದು ಆಮೇಲೆ ಅವರಿಗೆ ತೋರಿತು. ಇದನ್ನು ಹೇಳಿದಾಗ ಅಮ್ಮ ತುಂಬಾ ಹೊತ್ತು ಮಾತಾಡಲಿಲ್ಲ. ಸೊಪ್ಪಿನ ತಟ್ಟೆ ಎತ್ತಿಕೊಂಡು ಒಳಗೆ ಹೋದಳು.

ಈಚೆಗೆ ಅವಳೂ ಪಲ್ಲವಿಯ ನಡುವೆ ಉಸಿರಿಗೆ ನಿಲ್ಲುತ್ತಾಳೆ. ಡಾಕ್ಟರ ಹತ್ತಿರ ಹೋಗೋಣವೆಂದರೆ ಚಳಿಗಾಲ ಕಳೆಯಲಿ ಎನ್ನುತ್ತಾಳೆ.

2021ರ ನವೆಂಬರ್ 30ರದ್ದನ್ನು ಈಗ ಒಬ್ಬಳೇ ಮತ್ತೆ ಕೇಳಿದೆ. ಅದರ ಬೆನ್ನಿಗೇ ಡಿಸೆಂಬರ್ 1ರದ್ದಿದೆ. ನಡುವಿನ ಆ ರಾತ್ರಿ ಅವರಿಗೆ ನಿದ್ದೆ ಬಂದಿತ್ತೋ, ಇಲ್ಲಾ ಬೆಳಗಾಗುವುದನ್ನೇ ಕಾಯುತ್ತಾ

ಅಮ್ಮ ಕೆಮ್ಮುತ್ತಿದ್ದಾಳೆ. ನೋಡಿ ಬರುತ್ತೇನೆ.