ರಕ್ತದಲ್ಲಿ 286, ಯೂರಿನ್‌ನಲ್ಲಿ ನಿಲ್

ಹಾಸನದ ಒಂದು ಸಣ್ಣ ಲ್ಯಾಬಿನಲ್ಲಿ ಹನ್ನೊಂದು ವರ್ಷದಿಂದ ರಕ್ತ ತೆಗೆಯುತ್ತಿದ್ದೇನೆ. "ತಿಂಡಿ ಆಯ್ತಾ?" ಅಂತ ಕೇಳದೆ ಸೂಜಿ ಚುಚ್ಚಿದ್ದೇ ಇಲ್ಲ. "ಮಾತ್ರೆ ಏನೇನು ತಗೋತೀರಿ?" ಅಂತ ಕೇಳುವ ಅಭ್ಯಾಸ ಮಾತ್ರ ತೀರಾ ತಡವಾಗಿ ಬಂತು. ಅದೂ ಪೇಚಿಗೆ ಸಿಕ್ಕ ಮೇಲೆ.

ಕಾಫಿ ಕೊಯ್ಲಿನ ಸಮಯ. ಸಕಲೇಶಪುರ ಕಡೆಯ ತೋಟದಿಂದ ಐವತ್ತು ದಾಟಿದ ಒಬ್ಬರು ಮೊದಲ ಬಸ್ಸಿಗೇ ಬಂದಿದ್ದರು. ಫಾಸ್ಟಿಂಗ್ ಶುಗರ್ 286. ಯೂರಿನ್‌ಗೆ ಟೆಸ್ಟ್ ಪಟ್ಟಿ ಅದ್ದಿದರೆ ಗ್ಲೂಕೋಸ್ ನಿಲ್! ಸಾಮಾನ್ಯವಾಗಿ ರಕ್ತದ ಶುಗರ್ 180ರ ಆಸುಪಾಸು ದಾಟಿದರೆ ಕಿಡ್ನಿ ಹಿಡಿದಿಡಲಾರದೆ ಮೂತ್ರಕ್ಕೆ ಬಿಡುತ್ತದೆ. ಸ್ಯಾಂಪಲ್ ಅದಲುಬದಲಾಗಿದೆ ಅಂತ ಜೂನಿಯರ್ ಹುಡುಗಿಗೆ ಎಲ್ಲರೆದುರೇ ಬೈದೆ. ಎರಡನ್ನೂ ಮತ್ತೆ ತೆಗೆದುಕೊಂಡೆ, ಪಟ್ಟಿಯ ಹೊಸ ಡಬ್ಬಿ ಒಡೆದೆ. ಮತ್ತೆ ಅದೇ ಕಥೆ.

ಆ ಹೊತ್ತಿಗೆ ಅವರು ಬೆಂಚಿನ ಮೇಲೆ ಕೂತು ಏನೋ ಚೀಪುತ್ತಿದ್ದರು. ಪೆಪ್ಪರ್‌ಮಿಂಟ್ ಇರಬೇಕು ಅಂತ ರೇಗಿಯೂ ಬಿಟ್ಟೆ. "ಇದು ವಿಟಮಿನ್ ಸಿ ಸಾರ್. ಈ ಚಳೀಲಿ ನೆಗಡಿ ಬರಬಾರದು ಅಂತ." 500 ಮಿಲಿಗ್ರಾಂ ಮಾತ್ರೆ, ದಿನಕ್ಕೆ ನಾಲ್ಕೈದು. ಗಂಡಸಿಗೆ ಬೇಕಾದ್ದು ದಿನಕ್ಕೆ 80 ಮಿಲಿಗ್ರಾಂ ಅಷ್ಟೇ!

ಲ್ಯಾಬ್ ಕೆಲಸದ ಡಿಪ್ಲೊಮಾ, ಡಿಎಂಎಲ್‌ಟಿ ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರೆದು ಮರೆತ ಉತ್ತರ ಆಗ ನೆನಪಾಯಿತು. ಪಟ್ಟಿಯಲ್ಲಿರುವ ಕಿಣ್ವ ಗ್ಲೂಕೋಸ್ ಜೊತೆ ಸೇರಿ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟಿಸುತ್ತದೆ. ಆ ಪೆರಾಕ್ಸೈಡ್‌ನಿಂದಲೇ ಪಟ್ಟಿಯ ಬಣ್ಣ ಬದಲಾಗಬೇಕು. ದೇಹಕ್ಕೆ ಬೇಡವಾದ ವಿಟಮಿನ್ ಸಿ ಎಲ್ಲ ಮೂತ್ರಕ್ಕೇ ಬಂದು ಸೇರುತ್ತದಲ್ಲ, ಅದು ಈ ಪೆರಾಕ್ಸೈಡನ್ನು ಮೊದಲೇ ನುಂಗಿಬಿಡುತ್ತದೆ. ಬಣ್ಣ ಬರುವುದಿಲ್ಲ. ಸಕ್ಕರೆ ಅಲ್ಲೇ ಇರುತ್ತದೆ, ಪಟ್ಟಿಗೆ ಕಾಣುವುದಿಲ್ಲ.

ತಮಾಷೆ ಅಂದರೆ ಬೆರಳು ಚುಚ್ಚಿ ನೋಡುವ ಗ್ಲೂಕೋಮೀಟರ್‌ಗಳಲ್ಲಿ ಇದು ತಿರುವುಮುರುವು. ಡ್ರಿಪ್‌ನಲ್ಲಿ ಜಾಸ್ತಿ ವಿಟಮಿನ್ ಸಿ ಕೊಟ್ಟವರಿಗೆ ಕೆಲವು ಮೀಟರ್‌ಗಳು ಇಲ್ಲದ ಶುಗರ್ ತೋರಿಸುತ್ತವೆ. ಅದನ್ನು ನಂಬಿ ಇನ್ಸುಲಿನ್ ಏರಿಸಿದರೆ ಜೀವಕ್ಕೇ ಕುತ್ತು.

ಎರಡು ದಿನ ಆ ಮಾತ್ರೆ ಬಿಟ್ಟು ಬಂದಾಗ ಪಟ್ಟಿ ಕಡುಕಂದು ಬಣ್ಣಕ್ಕೆ ತಿರುಗಿತು. ಹುಡುಗಿಯ ಹತ್ತಿರ ಕ್ಷಮೆ ಕೇಳಿದೆ. "ಬೈದಿದ್ದು ಎಲ್ಲರೆದುರು, ಸಾರಿ ಮಾತ್ರ ಸ್ಟೋರ್ ರೂಮಲ್ಲಾ ಸಾರ್?" ಅಂದಳು. ಸರಿಯಾಗೇ ಕೇಳಿದಳು.

ಆಮೇಲೆ ರಿಜಿಸ್ಟರ್‌ನಲ್ಲಿ ಮಾತ್ರೆಗೊಂದು ಕಾಲಂ ಎಳೆದೆವು. ಜನ ಹೆಸರು ಹೇಳುವುದಿಲ್ಲ, "ಬಿಳೀದು, ಉದ್ದಂದು" ಅಂತಾರೆ. ಒಬ್ಬ ಅಜ್ಜಿಯಂತೂ ಎಲೆಅಡಿಕೆ ಚೀಲವನ್ನೇ ಮೇಜಿನ ಮೇಲೆ ಸುರಿದರು. ಅಡಿಕೆ ಚೂರಿನ ನಡುವೆ ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ. ಒಂಬತ್ತು ವರ್ಷದಿಂದ ನುಂಗುತ್ತಿದ್ದಾರೆ, ಮಾಂಸ ಮೊಟ್ಟೆ ಮುಟ್ಟುವುದಿಲ್ಲ. ಪಾದ ಜುಮುಜುಮು ಅನ್ನುತ್ತದೆ, ಶುಗರ್‌ನಿಂದ ಅಂತ ಎಲ್ಲರೂ ಹೇಳಿದ್ದರಂತೆ. ಮೆಟ್‌ಫಾರ್ಮಿನ್ ವರ್ಷಗಟ್ಟಲೆ ತೆಗೆದುಕೊಂಡರೆ ಹೆಚ್ಚಾಗಿ ಮಾಂಸ ಮೊಟ್ಟೆಯಿಂದ ಸಿಗುವ ವಿಟಮಿನ್ ಬಿ12 ಅನ್ನು ಕರುಳು ಹೀರುವುದು ಕಮ್ಮಿಯಾಗುತ್ತದೆ. ಅದು ಕಮ್ಮಿಯಾದರೂ ಪಾದ ಹಾಗೇ ಜುಮುಗುಡುತ್ತದೆ. ಕಾಲಂನಲ್ಲಿ ಬರೆದದ್ದನ್ನು ನೋಡಿದ ಡಾಕ್ಟರು ಬಿ12 ಟೆಸ್ಟ್ ಬರೆದರು. 200ಕ್ಕಿಂತ ಮೇಲಿರಬೇಕಾದ್ದು 128 ಇತ್ತು. ಇಂಜೆಕ್ಷನ್ ಶುರುವಾಯಿತು. ಶುಗರ್ ಮಾತ್ರೆ ನಿಲ್ಲಿಸಲಿಲ್ಲ.

ಅಜ್ಜಿ ಚೀಲ ಕಟ್ಟಿಕೊಳ್ಳುತ್ತಾ ಕೇಳಿದ್ದು ಒಂದೇ ಮಾತು: "ಒಂಬತ್ತು ವರ್ಷದಲ್ಲಿ ಒಬ್ರೂ ಈ ಚೀಲ ಬಿಚ್ಚು ಅನ್ನಲಿಲ್ವಲ್ಲಪ್ಪಾ?"